ಪಾಕೀಟು ನೋಡಿದ ಮೇಲೆ ಹೂವಾದ ಕಳೆ

ಗೆಳೆಯರೇ, ಸಿಟ್ಟು ಆರುವ ಮೊದಲೇ ಇದನ್ನು ಬರೆದು ವಾಚನಾಲಯದ ಬೋರ್ಡಿಗೆ ಅಂಟಿಸುತ್ತಿದ್ದೇನೆ. ಇವತ್ತು ಬೆಳಿಗ್ಗೆ ನಮ್ಮ ಜಯನಗರದ ಮನೆ ಮಾಲೀಕರು, ನಿವೃತ್ತ ಅಮಲ್ದಾರರು, ಅಂಗಳದಲ್ಲಿ ನಿಂತು ಮುನಿಯಮ್ಮನವರ ಮೇಲೆ ಕೂಗಾಡುತ್ತಿದ್ದರು.

“ನಾಯಿಸಾಸಿವೆ ಬೆಳೆಸಿದೀಯಲ್ಲೇ! ಕಳೆ ಕೀಳೋಕೂ ಬರಲ್ವಾ? ನಾಳೆಯಿಂದ ಬರ್ಬೇಡ.”

ಮುನಿಯಮ್ಮನವರು ಆರು ವರ್ಷದಿಂದ ಸಿದ್ದಾಪುರದಿಂದ ನಡೆದು ಬಂದು ಆ ತೋಟ ನೋಡಿಕೊಳ್ಳುತ್ತಿರುವವರು. ಅವರು ಕೀಳದೆ ಉಳಿಸಿದ್ದು ಕಳೆಯನ್ನಲ್ಲ, ನಾನು ಬೀಜ ಚೆಲ್ಲಿದ ಕ್ಲಿಯೋಮ್ ಎಂಬ ಹೂಗಿಡದ ಸಸಿಗಳನ್ನು. ಎರಡು ವಾರ ಮಣ್ಣು ಒಣಗದಂತೆ ಕೈಯಿಂದ ನೀರು ಚಿಮುಕಿಸಿದವರೂ ಅವರೇ. ಎಲೆ ನಾಯಿಸಾಸಿವೆಯದರಂತೆಯೇ ಇದೆ, ಒಪ್ಪುತ್ತೇನೆ. ಎರಡೂ ನೆಂಟರು.

ಓಡಿಹೋಗಿ ಬೀಜದ ಪಾಕೀಟು ತಂದು ತೋರಿಸಿದೆ. ಅದರ ಮೇಲೆ ಗುಲಾಬಿ ಬಣ್ಣದ ಹೂವಿನ ಚಿತ್ರ, ಕೆಳಗೆ ಇಂಗ್ಲಿಷ್ ಅಕ್ಷರ.

“ಓಹೋ, ಇಂಗ್ಲೆಂಡಿನದಾ?” ಅಮಲ್ದಾರರ ದನಿಯೇ ಬದಲಾಯಿತು. “ನಮ್ಮ ಕಿಟಕಿ ಕೆಳಗೂ ನಾಲ್ಕು ನೆಡಪ್ಪ.”

“ಮುನಿಯಮ್ಮನವರಿಗೆ ಏನು ಹೇಳ್ತೀರಿ ಸಾರ್?” ಎಂದೆ.

“ಮುನಿಯಮ್ಮ‘ನವರು’ ಅಂತೆ! ನಾಳೆ ಬರ್ಲಿ ಬಿಡಯ್ಯ,” ಎಂದು ಒಳಗೆ ಹೋದರು. ತಪ್ಪಾಯಿತು ಎಂಬ ಒಂದು ಮಾತಿಲ್ಲ. ಸಸಿಗೆ ಸಿಕ್ಕ ಮರ್ಯಾದೆ ಅದಕ್ಕೆ ನೀರೆರೆದವರಿಗೆ ಸಿಗಲಿಲ್ಲ!

ನಾನು ಹಲ್ಲು ಕಡಿಯುತ್ತಾ ನಿಂತಿದ್ದೆ. ಮುನಿಯಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡರು.

“ನಂಗೂ ಅಂಥದ್ದೊಂದು ಇಂಗ್ಲಿಷ್ ಪಾಕೀಟು ತಂದ್ಕೊಡಿ ಸಾಮಿ,” ಎಂದರು. “ಕತ್ತಿಗೆ ಕಟ್ಕೊಂಡೇ ಕೆಲ್ಸಕ್ಕೆ ಬತ್ತೀನಿ.”