ಬಂಗುಡೆಯ ರೇಟು ಕೇಳಿದ್ದು

ನಾನು ಬೇಕೆಂದೇ ತಪ್ಪು ಹೇಳಿದೆನೋ, ನಿಜವಾಗಿಯೂ ತಪ್ಪಿದೆನೋ, ಈಗ ಖಚಿತವಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದವನ ನೆನಪು ತನಗೆ ಬೇಕಾದ ಹಾಗೆ ತಿದ್ದಿಕೊಂಡಿರಲೂಬಹುದು.

ಕಾಪುವಿನಲ್ಲಿ ನಮ್ಮ ಮನೆಗೆ ಮೀನು ಮಾರಲು ಬರುತ್ತಿದ್ದ ಅಕ್ಕ, ಬುಟ್ಟಿ ಇಳಿಸಿದ ಕೂಡಲೇ ಸೆರಗಿಗೆ ಕೈ ಒರೆಸಿಕೊಂಡು ನಗುತ್ತಿದ್ದರು. ಆ ತಿಂಗಳು ಮಗಳನ್ನೂ ಕರೆತರುತ್ತಿದ್ದರು. ಅವಳಿಗೆ ಮಣಿಪಾಲದ ಹೋಟೆಲೊಂದರ ಕೌಂಟರ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ಇಂಗ್ಲಿಷ್ ಗೊತ್ತಿತ್ತು, ಬಾಯಿ ಮಾತ್ರ ಬರುತ್ತಿರಲಿಲ್ಲ.

"ರೇಟು ಇವಳ ಹತ್ರ ಇಂಗ್ಲಿಷಿನಲ್ಲಿ ಕೇಳಿ, ಮತ್ತೆ ಮೀನು" ಎಂದು ಅಕ್ಕ ಎಲ್ಲರಿಗೂ ಹೇಳುತ್ತಿದ್ದರು.

ಇಂಟರ್‌ವ್ಯೂವಿನ ಹಿಂದಿನ ದಿನ ನಾನು ಬಂಗುಡೆ ತೋರಿಸಿ, "ಹೌ ಮಚ್ ಇಟ್ ಈಸ್ ಕಾಸ್ಟಿಂಗ್?" ಎಂದೆ.

ಅಷ್ಟು ದಿನ ನೆಲ ನೋಡುತ್ತಿದ್ದ ಹುಡುಗಿ ತಲೆಯೆತ್ತಿದಳು. "ಹೌ ಮಚ್ ಡಸ್ ಇಟ್ ಕಾಸ್ಟ್, ಸರ್!"

"ಬಾಯಿ ಬಂತಲ್ಲ ಮಾರಾಯ್ರೆ!" ಅಕ್ಕ ಕೈ ತಟ್ಟಿ, ನನ್ನ ಚೀಲಕ್ಕೆ ಎರಡು ಬಂಗುಡೆ ಹೆಚ್ಚಿಗೆ ಹಾಕಿದರು.

ಹುಡುಗಿಗಾಗಿಯೇ ತಪ್ಪು ಹೇಳಿದೆ ಎಂದು ಎಷ್ಟೋ ಜನರಿಗೆ ಹೇಳಿಕೊಂಡಿದ್ದೇನೆ. ಮೊನ್ನೆ ಮಣಿಪಾಲದಲ್ಲಿ, ಅದೇ ಹೋಟೆಲಿನ ಕೌಂಟರಿನಲ್ಲಿ ಕೂತಿದ್ದ ಅವಳನ್ನೇ, ಅವತ್ತು ನಾನು ಬೇಕೆಂದೇ ತಪ್ಪು ಹೇಳಿದ್ದೆನಾ ಎಂದು ಕೇಳಿಬಿಟ್ಟೆ.

"ಇಲ್ಲ ಸರ್. ಅದರ ಹಿಂದಿನ ವಾರವೂ ನೀವು ಹಾಗೇ ಕೇಳಿದ್ದಿರಿ. ಆಗ ತಿದ್ದಲಿಕ್ಕೆ ನನಗೆ ಧೈರ್ಯ ಇರಲಿಲ್ಲ, ಅಷ್ಟೇ."