ಟೈಲರಮ್ಮ ಮಿಸ್ ಆದದ್ದು

ಟೈಲರಮ್ಮನ ಅಂಗಡಿಗೆ ಕೆಲಸ ಕಲಿಯಲು ಬಂದವರು ಬಹಳ, ಕಲಿತು ಹೋದವರು ಒಬ್ಬರೂ ಇಲ್ಲ. ಇದು ಬೀದಿಗೆಲ್ಲ ಗೊತ್ತಿದ್ದ ಸಂಗತಿ, ಅವಳೊಬ್ಬಳನ್ನು ಬಿಟ್ಟು. ಹುಡುಗಿಯರು ಬರುವರು, ಮೆಷಿನ್ನಿನ ಮುಂದೆ ಕೂರುವರು, ಸೂಜಿ ನಾಲ್ಕು ಬೆರಳಿನಷ್ಟು ದೂರ ಓಡುವುದರೊಳಗೆ ಹಿಂದಿನಿಂದ ಒಂದು ಕೈ ಬರುವುದು. "ಏಳು ಏಳು, ಬಟ್ಟೆ ಹಾಳು ಮಾಡ್ತೀಯ. ನಾನು ಹೊಲೀತೀನಿ, ನೀನು ನೋಡು." ನೋಡಿ ನೋಡಿ ಸಾಕಾಗಿ ಅವರು ಬೇರೆ ಕಡೆ ಹೋಗಿ ಕಲಿತು, ಮದುವೆಯಾಗಿ, ಮಕ್ಕಳನ್ನು ಹೆತ್ತು, ಆ ಮಕ್ಕಳ ಅಳತೆ ಕೊಡಲು ಮತ್ತೆ ಟೈಲರಮ್ಮನ ಹತ್ತಿರವೇ ಬರುವರು. ಹೊಲಿಗೆ ಅಷ್ಟು ಚೆಂದ, ಅದರಲ್ಲಿ ಎರಡು ಮಾತಿಲ್ಲ. ಮನೆಗೆ ಸೊಸೆ ಬಂದು ಎಷ್ಟೋ ವರ್ಷವಾಗಿತ್ತು. ಅವಳಿಗೆ ಅತ್ತೆಯ ಮೆಷಿನ್ನಿನ ಧೂಳು ಒರೆಸುವ ಅಧಿಕಾರ ಮಾತ್ರ ಸಿಕ್ಕಿತ್ತು, ಅದೂ ಒಣಬಟ್ಟೆಯಲ್ಲಿ.

ಇಂಥವಳನ್ನು ಹುಡುಕಿಕೊಂಡು ಹೈಸ್ಕೂಲಿನ ಹೆಡ್‌ಮಿಸ್ ಬಂದರು. ಕೋಟಿನ ಅಸ್ತರು ಬದಲಿಸಲು ಬಂದವರು ಮಾತು ತೆಗೆದರು.

"ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಚಿಕ್ಕ ಚಿಕ್ಕ ಕೋರ್ಸು ಇಡ್ತಿದೀವಮ್ಮ. ವಾರಕ್ಕೊಂದು ಮಧ್ಯಾಹ್ನ, ಎರಡು ತಿಂಗಳು. ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ. ಯಾವುದು ಬೇಕೋ ಮಕ್ಕಳೇ ಆರಿಸ್ಕೋತಾರೆ. ನೀವು ಹೊಲಿಗೆ ಹೇಳ್ಕೊಡ್ತೀರಾ?"

"ಅಯ್ಯೋ, ನಾನು ಓದಿರೋದು ನಾಲ್ಕನೇ ಕ್ಲಾಸು."

"ಅದು ಬಟ್ಟೆಗೆ ಹೇಗೆ ಗೊತ್ತಾಗುತ್ತೆ, ಬಿಡಿ."

ಒಳಗೆ ಧೂಳು ಒರೆಸುತ್ತಿದ್ದ ಸೊಸೆಗೆ ಕೆಮ್ಮು ಬಂತು. ಟೈಲರಮ್ಮ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲನೆಯ ದಿನ ತರಗತಿಗೆ ಕಾಲಿಟ್ಟಾಗ ಮಕ್ಕಳೆಲ್ಲ ಎದ್ದು ನಿಂತು, "ನಮಸ್ತೇ ಮಿಸ್" ಎಂದು ರಾಗ ಎಳೆದರು. ಅಷ್ಟೇ. ಜನ್ಮವಿಡೀ "ಟೈಲರಮ್ಮ, ನಾಳೆಗೆ ಬೇಕು", "ಟೈಲರಮ್ಮ, ಕಂಕುಳಲ್ಲಿ ಬಿಗಿ" ಎಂದೇ ಕೇಳಿದ್ದ ಕಿವಿಗೆ ಆ ಮಿಸ್ ಎಂಬ ಮಾತು ಬಿದ್ದದ್ದೇ ತಡ, ಅವಳ ಕಾಲು ನೆಲಕ್ಕೆ ತಾಗಲಿಲ್ಲ. ಮನೆಗೆ ಬಂದು ಸೊಸೆಯನ್ನೇ, "ಏನಮ್ಮಾ, ಹೋಮ್‌ವರ್ಕ್ ಆಯ್ತಾ?" ಎಂದು ಕೇಳಿದಳಂತೆ.

ಆದರೆ ಆ ಪಟ್ಟ ಎರಡೇ ತಿಂಗಳಿನದು. ಕೊನೆಯ ದಿನ ಮಕ್ಕಳು ಮಾಡಿದ್ದನ್ನೆಲ್ಲ ಶಾಲೆಯ ದೊಡ್ಡ ಹಾಲ್‌ನಲ್ಲಿ ಜೋಡಿಸಿಡಬೇಕು. ಮುಂದಿನ ಗುಂಪಿನ ಮಕ್ಕಳು ಸುತ್ತಾಡಿ ನೋಡಿ, ಬೇಕಾದ ಕೋರ್ಸಿಗೆ ಹೆಸರು ಕೊಡುತ್ತಾರೆ. ಸಾಕಷ್ಟು ಹೆಸರು ಬರದಿದ್ದರೆ ಕೋರ್ಸು ಬಂದ್. ಮಿಸ್ ಮತ್ತೆ ಟೈಲರಮ್ಮ.

ಪಕ್ಕದ ಕೋಣೆಯಲ್ಲಿ ಕರೆಂಟಣ್ಣನ ಕೋರ್ಸು. ಅವನು ಇಸ್ತ್ರಿಪೆಟ್ಟಿಗೆ, ಫ್ಯಾನು ರಿಪೇರಿ ಹೇಳಿಕೊಡುತ್ತಿದ್ದ. ಅಲ್ಲಿಗೆ ಅರ್ಧ ಕೆಟ್ಟು ಬಂದದ್ದು ಪೂರ್ತಿ ಕೆಟ್ಟು ಹೋಗುತ್ತಿತ್ತು. ಆಗಾಗ ಫಟ್ ಎಂದು ಫ್ಯೂಸ್ ಹಾರುವುದು, ಮಕ್ಕಳು ಹೋ ಎಂದು ಕೂಗುವುದು. ಹೊಲಿಗೆ ಕೋಣೆಯಲ್ಲಿ ಮಾತ್ರ ಸೂಜಿ ಬಿದ್ದರೂ ಕೇಳಿಸುವಷ್ಟು ನಿಶ್ಶಬ್ದ.

"ಏನಕ್ಕ, ನಿಮ್ಮ ಮಕ್ಕಳೆಲ್ಲ ಮಲಗಿದಾರಾ?" ಎಂದು ಅವನು ಬಾಗಿಲಲ್ಲಿ ಇಣುಕಿ ಕೇಳುವನು.

"ಕಲೀತಿದಾರಪ್ಪ. ನಿನ್ನ ಹಾಗೆ ಬೆಂಕಿ ಹಚ್ತಿಲ್ಲ."

ಕಲಿಯುತ್ತಿದ್ದದ್ದು ಹೇಗೆಂದರೆ, ಟೈಲರಮ್ಮ ಹೊಲಿಯುವಳು, ಮಕ್ಕಳು ಸುತ್ತ ನಿಂತು ನೋಡುವರು. ಒಬ್ಬೊಬ್ಬರೂ ಒಂದು ಹೆಗಲುಚೀಲ ಹೊಲಿಯಬೇಕು, ಹೊರಗಡೆ ಒಂದು ಜೇಬು. ಯಾರಾದರೂ ಗೆರೆ ತಪ್ಪಿದರೆ ಹಿಂದಿನಿಂದ ಕೈ ಬಂದೇ ಬಿಡುವುದು. ಅದೂ ಸಾಲದೆ ಕ್ಲಾಸು ಮುಗಿದ ಮೇಲೆ ಚೀಲಗಳನ್ನೆಲ್ಲ ಗಂಟು ಕಟ್ಟಿ ಮನೆಗೆ ಒಯ್ಯುವಳು. ರಜೆಯ ದಿನ ಬಾಗಿಲ ಬೆಳಕಿಗೆ ಕೂತು, ಬ್ಲೇಡಿನ ತುಂಡಿನಿಂದ ಚರಚರ ಬಿಚ್ಚುವಳು.

"ಅತ್ತೆ, ಇದು ಮಕ್ಕಳು ಹೊಲಿದದ್ದಲ್ವಾ?" ಸೊಸೆ ಕೇಳಿದಳು.

"ಹೌದು ಕಣೇ. ಸುಮ್ನೆ ದಾರದ ಗಂಟು ಕತ್ತರಿಸ್ತಿದೀನಿ."

"ಚೀಲದ ತಳಾನೇ ಬಿಚ್ಚಿದೀರಲ್ಲ?"

"ಗಂಟು ಆಳಕ್ಕಿತ್ತು."

ಪ್ರದರ್ಶನದ ದಿನ ಬಂತು. ಹಾಲಿನ ಉದ್ದದ ಮೇಜಿನ ಮೇಲೆ ಚೀಲಗಳು ಒಂದೇ ತಾಯಿಯ ಮಕ್ಕಳ ಹಾಗೆ ಸಾಲಾಗಿ ಕೂತಿದ್ದವು. ಒಂದು ಎಳೆ ಆಚೆ ಇಲ್ಲ, ಈಚೆ ಇಲ್ಲ. ಟೈಲರಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಪಕ್ಕದಲ್ಲಿ ನಿಂತಳು, ಜೊತೆಗೆ ಸೊಸೆಯನ್ನೂ ಕರೆತಂದಿದ್ದಳು, ಕಣ್ತುಂಬ ನೋಡಲಿ ಎಂದು. ಎಂಟನೇ ಕ್ಲಾಸಿನ ಮಕ್ಕಳು ಬಂದರು, ಚೀಲ ನೋಡಿದರು, "ಚೆನ್ನಾಗಿದೆ" ಎಂದರು, ಮುಂದೆ ಹೋದರು. ಹೋಗಿ ಕರೆಂಟಣ್ಣನ ಮೇಜಿಗೆ ಮುತ್ತಿಕೊಂಡರು. ಅಲ್ಲಿ ಒಂದು ಫ್ಯಾನು ಹಿಂದುಮುಂದಾಗಿ ತಿರುಗುತ್ತಿತ್ತು. ಹೊಲಿಗೆಯ ಹಾಳೆಯಲ್ಲಿ ಒಂದು ಹೆಸರೂ ಬೀಳಲಿಲ್ಲ. ಟೈಲರಮ್ಮ ನೇರವಾಗಿಯೇ ಇದ್ದ ಚೀಲಗಳ ಸಾಲನ್ನು ಇನ್ನೊಮ್ಮೆ ನೇರ ಮಾಡಿದಳು.

ಆಗ ಒಬ್ಬ ತಾತ ಕನ್ನಡಕ ಏರಿಸುತ್ತಾ ಬಂದರು. ಅವರ ಕೈ ಹಿಡಿದು ಎಳೆಯುತ್ತಿದ್ದವಳು ಅವರ ಮೊಮ್ಮಗಳು, ಟೈಲರಮ್ಮನ ಕ್ಲಾಸಿನವಳೇ. ತಲೆತುಂಬ ಸುರುಳಿಕೂದಲಾದ್ದರಿಂದ ಎಲ್ಲರಿಗೂ ಅವಳು ಗುಂಗುರು.

"ಎಲ್ಲಮ್ಮ ಆ ಜೇಬು? ತಲೆಕೆಳಗಾಗಿ ಹೊಲಿದಿದೀನಿ ಅಂತ ಮನೇಲಿ ಕುಣಿದೆಯಲ್ಲ? ಹಾಕಿದ್ದೆಲ್ಲ ಕೆಳಗೆ ಬೀಳೋ ಜೇಬನ್ನ ನೋಡೋಣ ಅಂತ ಬಸ್ಸು ಹತ್ತಿ ಬಂದಿದೀನಿ."

ಗುಂಗುರು ತನ್ನ ಚೀಲ ಎತ್ತಿದಳು. ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು. ಜೇಬು ತಲೆ ಮೇಲಾಗಿ, ಬಲು ಸಭ್ಯವಾಗಿ ಕೂತಿತ್ತು.

"ಇದು ನಂದಲ್ಲ ಮಿಸ್."

"ನಿಂದೇ ಕಣೇ. ಸ್ವಲ್ಪ ಸರಿ ಮಾಡ್ದೆ ಅಷ್ಟೆ."

"ಹಾಗಾದ್ರೆ ನಾನು ಹೊಲಿದದ್ದು ಎಲ್ಲಿ?"

ಟೈಲರಮ್ಮ ಪಕ್ಕದ ಚೀಲದಲ್ಲಿ ಇಲ್ಲದ ದಾರವೊಂದನ್ನು ಹುಡುಕತೊಡಗಿದಳು. ಆ ಹೊತ್ತಿಗೆ ಸರಿಯಾಗಿ ಎಂಟನೇ ಕ್ಲಾಸಿನ ಒಬ್ಬಳು ಬಂದು, "ಅಕ್ಕ, ಇಷ್ಟು ಚೆನ್ನಾಗಿ ಹೊಲಿಯೋಕೆ ನಮಗೂ ಬರುತ್ತಾ?" ಎಂದು ಕೇಳಬೇಕೆ? ಗುಂಗುರು ಸುಳ್ಳು ಹೇಳುವ ಮಗುವಲ್ಲ. "ಹೊಲಿಯೋದು ಮಿಸ್. ನಾವು ಪಕ್ಕದಲ್ಲಿ ನಿಂತಿರ್ತೀವಿ" ಎಂದಳು.

ಸುತ್ತಲಿದ್ದವರೆಲ್ಲ ಗೊಳ್ಳೆಂದರು. ಹೆಡ್‌ಮಿಸ್ ನಗಲಿಲ್ಲ. ಸಾಲು ಚೀಲಗಳನ್ನು ನೋಡಿದರು, ಟೈಲರಮ್ಮನನ್ನು ನೋಡಿದರು. ಆಮೇಲೆ ಮೆತ್ತಗೆ, "ಮೆಷಿನ್ನು ಇಲ್ಲಿಗೆ ತರಿಸೋಣ. ಗುಂಗುರು, ಇನ್ನೊಂದು ಜೇಬು ಹೊಲಿದು ತೋರ್ಸಮ್ಮ. ಟೈಲರಮ್ಮ, ನೀವು ಆ ಕುರ್ಚಿ ಮೇಲೆ ಕೂತ್ಕೊಳ್ಳಿ" ಎಂದರು. ಮಿಸ್ ಎನ್ನಲಿಲ್ಲ ಎಂಬುದನ್ನು ಟೈಲರಮ್ಮ ಗಮನಿಸಿದಳು.

ಮೆಷಿನ್ನು ಬಂತು. ಗುಂಗುರು ಪೆಡಲು ತುಳಿದಳು. ಮೊದಲ ಬದಿಯ ಹೊಲಿಗೆ ಹಾವು ಹರಿದ ಹಾಗೆ ಹೋಯಿತು. ಟೈಲರಮ್ಮನ ಬಲಗೈ ತಾನಾಗಿ ಎದ್ದಿತು. ಸೊಸೆ ಅದನ್ನು ಹಿಡಿದು ಮಡಿಲಿಗಿಟ್ಟಳು. ಎಡಗೈ ಎದ್ದಿತು.

"ಅತ್ತೆ, ಕೈ ಮೇಲೆ ಕೂತ್ಕೊಳ್ಳಿ."

"ಏನಂದೆ?"

"ಎರಡೂ ಕೈ ಕೆಳಗಿಟ್ಟು ಅದರ ಮೇಲೆ ಕೂತ್ಕೊಳ್ಳಿ ಅಂದೆ."

ಸೊಸೆಯ ಮಾತನ್ನು ಅವಳು ಕೇಳಿದ್ದು ಅದೇ ಮೊದಲಿರಬೇಕು. ದಾರ ಕಡಿಯಿತು. ಗುಂಗುರು ನಾಲಿಗೆ ಹೊರಗಿಟ್ಟು ತಾನೇ ಪೋಣಿಸಿದಳು. ಎರಡನೆಯ ಬದಿ ಆಯಿತು, ಮೂರನೆಯ ಬದಿಯೂ ಆಯಿತು. ಇನ್ನು ನಿಲ್ಲಿಸಬೇಕು, ಮೇಲ್ಭಾಗ ಜೇಬಿನ ಬಾಯಿ. ಆದರೆ ಹುಡುಗಿಗೆ ಹುರುಪು ಬಂದುಬಿಟ್ಟಿತ್ತು. ಬಟ್ಟೆ ತಿರುಗಿಸಿದಳು, ನಾಲ್ಕನೆಯ ಬದಿಗೂ ಹೊರಟಳು. ಟೈಲರಮ್ಮ ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೈಗಳ ಮೇಲೆ ಕೂತಳು. ಹೆಡ್‌ಮಿಸ್ ಅವಳನ್ನೇ ನೋಡುತ್ತಿದ್ದರು. ಅವಳು ತುಟಿಪಿಟಕ್ ಎನ್ನಲಿಲ್ಲ. ಅಷ್ಟು ಕಷ್ಟದ ಕೆಲಸವನ್ನು ಅವಳು ಆಯುಷ್ಯದಲ್ಲೇ ಮಾಡಿರಲಿಲ್ಲ, ಹೆರಿಗೆಯನ್ನೂ ಸೇರಿಸಿ.

"ಆಯ್ತು!" ಎಂದು ಗುಂಗುರು ಚೀಲವನ್ನು ತಾತನಿಗೆ ಕೊಟ್ಟಳು. ತಾತ ಕನ್ನಡಕದ ಡಬ್ಬಿಯನ್ನು ಜೇಬಿಗೆ ಹಾಕಲು ಹೋದರು. ಮೇಲಿನಿಂದ ಹೋಗಲಿಲ್ಲ, ಪಕ್ಕದಿಂದ ಹೋಗಲಿಲ್ಲ.

"ಭಾರಿ ಭದ್ರ ಕಣಮ್ಮ. ಕಳ್ಳರಿಗಿರಲಿ, ನಮಗೇ ಸಿಗಲ್ಲ."

ಹಾಲೆಲ್ಲ ನಕ್ಕಿತು, ಗುಂಗುರು ಎಲ್ಲರಿಗಿಂತ ಜೋರಾಗಿ ನಕ್ಕಳು. ನಗುವಿಗೆ ಕರೆಂಟಣ್ಣನ ಮೇಜಿನ ಮಕ್ಕಳೂ ಓಡಿಬಂದರು. "ತೋರ್ಸು ತೋರ್ಸು, ಕೈ ಹೋಗಲ್ವಾ?" "ನಾನೊಂದು ಸಲ ತುಳೀಲಾ?" "ನಾನೂ ಹಾಳು ಮಾಡ್ಬಹುದಾ?" ಎಂದು ಒಬ್ಬರ ಮೇಲೊಬ್ಬರು ಬಿದ್ದರು. ಅಚ್ಚುಕಟ್ಟಾದ ಚೀಲಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಸಂಜೆಯೊಳಗೆ ಹೊಲಿಗೆಯ ಹಾಳೆ ತುಂಬಿ, ಕೆಲವು ಹೆಸರು ಅಂಚಿನಲ್ಲಿ ಅಡ್ಡಡ್ಡ ಬರೆಯಬೇಕಾಯಿತು.

"ಮುಂದಿನ ಸಲವೂ ಬನ್ನಿ ಮಿಸ್. ಆದ್ರೆ ಚೀಲಗಳು ಇಲ್ಲೇ ಬೀರುವಿನಲ್ಲಿ ಇರ್ತವೆ. ಕೀಲಿ ನನ್ನ ಹತ್ರ" ಎಂದರು ಹೆಡ್‌ಮಿಸ್.

ಟೈಲರಮ್ಮ ಆ ಮಾತಿನಲ್ಲಿ ತನಗೆ ಬೇಕಾದ ಒಂದು ಪದವನ್ನಷ್ಟೇ ಇಟ್ಟುಕೊಂಡು, ಉಳಿದದ್ದಕ್ಕೆ ತಲೆಯಾಡಿಸಿದಳು.

ಹೊಸ ಗುಂಪಿನ ಮೊದಲ ದಿನ ಒಬ್ಬ ಕಡ್ಡಿಯಂಥ ಹುಡುಗ ಬಹಳ ಶ್ರದ್ಧೆಯಿಂದ ಹೊಲಿಯುತ್ತಾ ತನ್ನ ಅಂಗಿಯ ತೋಳನ್ನೂ ಚೀಲಕ್ಕೆ ಸೇರಿಸಿಕೊಂಡು ಹೊಲಿಯತೊಡಗಿದ. ಟೈಲರಮ್ಮ ಹಿಂದೆ ನಿಂತಿದ್ದಳು, ಎರಡೂ ಕೈಗಳನ್ನು ಬೆನ್ನ ಹಿಂದೆ ಗಂಟು ಹಾಕಿಕೊಂಡು, ನೀರಲ್ಲಿ ಮುಳುಗಿದವರ ಹಾಗೆ ಉಸಿರು ಬಿಗಿಹಿಡಿದು. ಬೆರಳಿಗೆ ಸೂಜಿ ತಾಗುವ ಭಯವಿಲ್ಲ ಎಂಬುದನ್ನು ಮಾತ್ರ ನೋಡಿಕೊಂಡಳು. ಹುಡುಗ ಏಳಲು ಹೋದ, ಚೀಲವೂ ಎದ್ದಿತು.

"ಮಿಸ್, ನನ್ನ ತೋಳು..."

"ಹ್ಞೂಂ, ಆಗಿಂದ ನೋಡ್ತಿದೀನಿ."

"ಬಿಚ್ಚಿಕೊಡಿ ಮಿಸ್."

"ಇನ್ನೊಂದು ಕೈ ಇದೆಯಲ್ಲಪ್ಪ, ಬಿಚ್ಚಿಕೋ" ಎಂದಳು ಮಿಸ್. ಬೆನ್ನ ಹಿಂದೆ ಅವಳ ಬೆರಳುಗಳು ಒಂದನ್ನೊಂದು ಹಿಂಡುತ್ತಿದ್ದವು.