ಪ್ರತಿಧ್ವನಿಗೆ ಹೊಸ ಮನೆ

ಬೆಳಗಿನ ಜಾವ. ಬೀದಿಯಲ್ಲಿ ಇನ್ನೂ ಒಂದು ಗಾಡಿಯೂ ಕದಲಿಲ್ಲ. ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ ಎದ್ದು ಮುಖ ತೊಳೆದ ಆಕೆ ಮೊದಲು ಫ್ರಿಜ್ಜಿನ ಪ್ಲಗ್ ಕೀಳುತ್ತಾರೆ. ಆಮೇಲೆ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಮೂಲೆಯ ಮೇಜಿನ ಮುಂದೆ ಕೂರುತ್ತಾರೆ. ಅಲ್ಲೊಂದು ಕಂಪ್ಯೂಟರ್, ಪಕ್ಕದಲ್ಲಿ ಬಣ್ಣ ಸವೆದ ಕಪ್ಪು ಲೋಹದ ಪೆಟ್ಟಿಗೆ. ಕಂಪ್ಯೂಟರಿನಿಂದ 'ಟಕ್' ಎಂಬ ಸಣ್ಣ ಸದ್ದೊಂದನ್ನು ಪೆಟ್ಟಿಗೆಗೆ ಕಳಿಸುತ್ತಾರೆ. ಅದು ದೊಡ್ಡ ಸಭಾಂಗಣವನ್ನೆಲ್ಲ ಸುತ್ತಿ ಬಂದಂತೆ ಹೆಡ್‌ಫೋನಿನಲ್ಲಿ ಹರಡಿ, ತೆಳುವಾಗಿ ಮರೆಯಾಗುತ್ತದೆ. ಆಕೆಯ ಮುಖ ಅರಳುತ್ತದೆ.

"ಹಾಲು ಕೆಟ್ರೆ ನನ್ನನ್ನ ಕೇಳ್ಬೇಡ," ಹೊದಿಕೆಯೊಳಗಿಂದಲೇ ಗಂಡನ ತಕರಾರು.

ಹಗಲಲ್ಲಿ ಆಕೆ ಟಿ.ವಿ., ಮಿಕ್ಸಿ, ಸ್ಪೀಕರ್ ರಿಪೇರಿ ಮಾಡುವ ಅಂಗಡಿಯೊಡತಿ. ಬೀದಿಯವರ ಬಾಯಲ್ಲಿ 'ಎಕೋ ಅಕ್ಕ'. ಆ ಪೆಟ್ಟಿಗೆ ಸೋದರಮಾವನ ಧ್ವನಿಮುದ್ರಣ ಸ್ಟುಡಿಯೋದ್ದು. ಹಾಡಿಗೆ ಪ್ರತಿಧ್ವನಿ ಬೆರೆಸಿಕೊಡುವ, ಡಿಜಿಟಲ್ ಕಾಲದ ಮೊದಮೊದಲ ಯಂತ್ರ. ಈಗ ಅದಕ್ಕೆ ವಯಸ್ಸಾಗಿದೆ. ನಾಲ್ಕು ನಿಮಿಷ ಓಡಿದರೆ ಕಾದು ಕೆಂಡವಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗಿನ ಚಿಪ್ ಎಲ್ಲೂ ಸಿಗುವುದಿಲ್ಲ.

ಯಂತ್ರ ಕೈಕೊಟ್ಟದ್ದಾದರೂ ಯಾವಾಗ? ಎಕೋ ಅಕ್ಕನ ತಾಯಿ ತಾವೇ ಕಟ್ಟಿದ ಜೋಗುಳಗಳನ್ನು ತಮ್ಮನ ಸ್ಟುಡಿಯೋದಲ್ಲಿ ಅರ್ಧ ಹಾಡಿ ಮುಗಿಸಿದಾಗ. ಉಳಿದರ್ಧಕ್ಕೆ ಅದೇ ಪ್ರತಿಧ್ವನಿ ಸಿಗದಿದ್ದರೆ ಎಲ್ಲವೂ ನೀರಿನಲ್ಲಿ ಹೋಮ. "ನನ್ನ ಗಂಟಲೇ ಇನ್ನೂ ಗಟ್ಟಿಯಾಗಿದೆ, ಈ ಡಬ್ಬಿಗೇನು ಬಂತು ರೋಗ?" ಎಂದು ತಾಯಿ ರೇಗಿದರಂತೆ. ಅದೇ ಡಬ್ಬಿಯನ್ನು ಕಂಪ್ಯೂಟರಿನೊಳಗೆ ಮತ್ತೆ ಹುಟ್ಟಿಸುತ್ತೇನೆಂದು ಮಗಳು ಹಟ ಹಿಡಿದದ್ದು ಆವತ್ತೇ. ಪ್ರೋಗ್ರಾಮ್ ಬರೆಯುವುದನ್ನು ಆಕೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಕಲಿತರು.

ಮೊದಲ ಸಲ ಬರೆದ ಪ್ರೋಗ್ರಾಮಿನಲ್ಲಿ ಲೆಕ್ಕವೆಲ್ಲ ಕರಾರುವಾಕ್ಕು. ಮಾವ ಕೇಳಿ, "ಲಕ್ಷಣವಾಗಿದೆ ಮಗಳೇ. ಆದ್ರೆ ನಮ್ಮದಲ್ಲ," ಎಂದುಬಿಟ್ಟರು. ಹಳೆಯ ಯಂತ್ರಕ್ಕೆ ಉದ್ದದ ಸಂಖ್ಯೆಗಳನ್ನು ಇಟ್ಟುಕೊಳ್ಳಲು ಜಾಗವಿಲ್ಲ. ಪ್ರತಿ ಲೆಕ್ಕದಲ್ಲೂ ಕೊನೆಯ ಅಂಕಿಗಳನ್ನು ಕತ್ತರಿಸಿ ಎಸೆಯುತ್ತದೆ. ಸದ್ದು ಆರುವಾಗ ಕೇಳುವ ಮರಳಿನಂಥ ಸಣ್ಣ ತರಿ ಹುಟ್ಟುವುದೇ ಅದರಿಂದ. "ಬುದ್ಧಿವಂತ ಕಂಪ್ಯೂಟರಿಗೆ ದಡ್ಡತನ ಕಲಿಸೋದಿದೆಯಲ್ಲ, ಅದು ಭಾರಿ ಕಷ್ಟದ ಕೆಲ್ಸ," ಎಂದು ಆಕೆ ನಗುತ್ತಾರೆ.

ಎರಡನೇ ಸಲದ ಕಥೆ ಹೇಳುವಾಗ ಮಾತ್ರ ಸ್ವಲ್ಪ ನಾಚಿಕೆ. ಯಂತ್ರದ ಸದ್ದಿನಡಿಯಲ್ಲಿ ಬಂದು ಹೋಗುವ ಸಣ್ಣ ಗುಂಯ್‌ಗುಡುವಿಕೆ ಕೇಳಿಸಿತು. ಇದುವರೆಗೆ ಯಾರೂ ಕಂಡುಹಿಡಿಯದ ಗುಟ್ಟು ಸಿಕ್ಕಿತೆಂದು ಆಕೆಗೆ ನೆಲ ಕಾಣದಷ್ಟು ಖುಷಿ. ವಾರಗಟ್ಟಲೆ ಕೂತು ಅದನ್ನೂ ಪ್ರೋಗ್ರಾಮಿನಲ್ಲಿ ಚಾಚೂ ತಪ್ಪದೆ ಮೂಡಿಸಿದರು. ಹೆಮ್ಮೆಯಿಂದ ಕೇಳಿಸಿದರೆ ಗಂಡ ಕಿವಿಯಿಂದ ಹೆಡ್‌ಫೋನ್ ತೆಗೆದು, "ಇದು ನಮ್ಮ ಫ್ರಿಜ್ ಅಲ್ವೇನೇ?" ಎಂದರು. ಹೌದು, ಅಡುಗೆಮನೆಯ ಕರೆಂಟಿನ ತಂತಿಯಿಂದ ನುಸುಳಿ ಬಂದ ಫ್ರಿಜ್ಜಿನ ಸದ್ದು! ಅಂದು ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರುದಿನದಿಂದ ಪ್ಲಗ್ ಕೀಳುವ ನೇಮ ಶುರುವಾಯಿತು.

ಈಗ ಮೂರನೇ ಸಲ. ಮಾವನ ನೆಲಮಾಳಿಗೆಯ ಸ್ಟುಡಿಯೋದಲ್ಲಿ ಗಾಜಿನಾಚೆ ತಾಯಿ ಹಾಡುತ್ತಿದ್ದಾರೆ. ಈಚೆ ಮಾವ ಕಣ್ಣು ಮುಚ್ಚಿ ಕೂತಿದ್ದಾರೆ. ಹೋಲಿಸಿ ನೋಡಲೆಂದು ಮನೆಯಿಂದ ತಂದಿಟ್ಟ ಹಳೆಯ ಪೆಟ್ಟಿಗೆಯ ಪಕ್ಕದಲ್ಲಿ ಎಕೋ ಅಕ್ಕ ಉಗುರು ಕಚ್ಚುತ್ತಿದ್ದಾರೆ. ಜೋಗುಳದ ಕೊನೆಯ ಸಾಲು ಮುಗಿಯುತ್ತದೆ, ದನಿ ನಿಧಾನವಾಗಿ ಗಾಳಿಯಲ್ಲಿ ಕರಗುತ್ತದೆ.

"ಇದು ನೋಡು, ಇದು ಹಾಡು," ಎಂದು ಮಾವ ಕಣ್ಣು ತೆರೆಯುತ್ತಾರೆ. ಮರುಕ್ಷಣವೇ ಗಾಬರಿ. "ಅಯ್ಯೋ, ಪಾಪ, ಎಷ್ಟು ಹೊತ್ತು ಓಡಿಸಿದ್ಯೇ ಅದನ್ನ! ಆರಿಸು, ಆರಿಸು, ಸುಟ್ಟುಹೋಗತ್ತೆ!" ಎದ್ದು ಹೋಗಿ ಪೆಟ್ಟಿಗೆಯ ಬೆನ್ನ ಮೇಲೆ ಅಂಗೈ ಇಡುತ್ತಾರೆ.

"ತಣ್ಣಗಿದೆಯಲ್ಲೇ!"

"ಅದನ್ನ ಆನ್ ಮಾಡೇ ಇಲ್ಲ ಮಾವ," ಎನ್ನುತ್ತಾರೆ ಎಕೋ ಅಕ್ಕ. ಮುಖದ ತುಂಬ ನಗು. "ಎಷ್ಟು ವರ್ಷ ದುಡೀತು, ಇನ್ನು ಅದೂ ಕೂತ್ಕೊಂಡು ಅಮ್ಮನ ಹಾಡು ಕೇಳ್ಲಿ."